ವಾಪಸ್ ಬಂದ ಅರ್ಜಿ

ಭವಿಷ್ಯನಿಧಿ ಕಚೇರಿಯ ಮೇಡಂ ಅವರಿಗೆ, ಬಾಯ್ಲರ್ ವಿಭಾಗದ ಫಿಟ್ಟರ್ ಮಾಡುವ ನಮಸ್ಕಾರಗಳು.

ಹೆಂಡತಿಯ ಆಪರೇಷನ್‌ಗೆಂದು ನನ್ನ ನಿವೃತ್ತಿ ಹಣದಲ್ಲಿ ಅರ್ಧ ಕೇಳಿ ಅರ್ಜಿ ಕೊಟ್ಟಿದ್ದೆ. ನಿನ್ನೆ ವಿಚಾರಿಸಲು ಬಂದಾಗ ನೀವು, "ಬೆಳಗ್ಗೆ ನಿಮ್ಮ ಮನೆಯವರೇ ಬಂದು ವಾಪಸ್ ತಗೊಂಡು ಹೋದ್ರಲ್ಲ? 'ವಯಸ್ಸಾದ ಕಾಲಕ್ಕೆ ಅವರಿಗೆ ಇರ್ಲಿ, ನನಗೋಸ್ಕರ ಖಾಲಿ ಮಾಡೋದು ಬೇಡ' ಅಂದ್ರು" ಎಂದಿರಿ. ಅವಳು ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಆದರೆ ಆ ಮಾತು ಅವಳದೇ. ಸಂಜೆ ಆಸ್ಪತ್ರೆಗೆ ಹೋಗಿ ನೋಡಿದರೆ ಅರ್ಜಿ ಅವಳ ದಿಂಬಿನಡಿ ಸಿಕ್ಕಿತು.

ಅದನ್ನೇ ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಇವತ್ತೇ ಮಂಜೂರು ಮಾಡಿ. ಅವಳು ಮತ್ತೆ ಬಂದರೆ ಗದರಬೇಡಿ. ಕುರ್ಚಿ ಕೊಟ್ಟು ಮಾತಾಡಿಸುತ್ತಾ ಕೂರಿಸಿಕೊಳ್ಳಿ. ಅಲ್ಲಿಂದ ಮುಂದೆ ಎಲ್ಲಿಗೂ ಹೋಗಲು ಬಿಡಬೇಡಿ, ನಾನು ಓಡಿ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಅವಳ ಗಂಡ