ಭರಣಿಯೊಳಗಿನ ಕಾಗದದ ಹೂಗಳು

೧ ಮಾರ್ಚ್ ೧೯೪೪, ಬುಧವಾರ. ಕುಷ್ಟಗಿ

ಬೆಳಗ್ಗೆ ಅಕ್ಕ ಉಗುಳುವ ಬೋಗುಣಿಗೆ ಹೊಸ ಬೂದಿ ಹಾಕಿಟ್ಟೆ. ಆಮೇಲೆ ಗಾಣದ ಕೆಲಸ. ಮಧ್ಯಾಹ್ನಕ್ಕೇ ಬಿಟ್ಟು ಬಂದೆ. ಸಾಲಿ ಕಲಿಯುವುದನ್ನೂ ಹೀಗೇ ಬಿಟ್ಟದ್ದು. ಅವ್ವ ಬಯ್ಯಲಿಲ್ಲ — ಬಯ್ಯುವ ಶಕ್ತಿ ಉಳಿದಿಲ್ಲ.

ಹನುಮಸಾಗರದಿಂದ ಹೇಳಿ ಕಳಿಸಿದ್ದಾರೆ. ಅಕ್ಕನ ಗಂಡ ಈಶಪ್ಪ ಮಾವ, ಅವರ ತಾಯಿ ಮುದುಕಮ್ಮ ಬರುತ್ತಾರಂತೆ. ಕ್ಷಯ ಅಂತ ಅಕ್ಕನನ್ನು ತವರಿಗೆ ಬಿಟ್ಟುಹೋದವರು. ಗುಣವಾದಂತೆ ಕಂಡರೆ ಕರೆದೊಯ್ಯುತ್ತಾರೆ.

ಅಕ್ಕ ಎದ್ದು ಕೂತಳು. "ತಮ್ಮಾ, ಈ ಖೋಲಿ ನೋಡಿದ್ರ ಅವರು ಹೊಸ್ತಿಲಾ ದಾಟೂದಿಲ್ಲ. ಮುನಸೀಫರ ಮನ್ಯಾಗ ಹೂವು ಇಡೂ ಗುಲದಾನಿ ಇತ್ತಲ್ಲ, ಅಂಥಾದೊಂದು ಮಾಡಿಡು."

ಈ ಬಿಸಿಲಿಗೆ ಕುಷ್ಟಗಿಯಲ್ಲಿ ಹೂವೆಲ್ಲಿ...

೪ ಮಾರ್ಚ್, ಶನಿವಾರ

ಬಾಯಿ ಒಡೆದ ಉಪ್ಪಿನಕಾಯಿ ಭರಣಿ ಸಿಕ್ಕಿತು. ಸುಣ್ಣ ಬಳಿದೆ. ಕಾವಿಯನ್ನು ಜಾಲಿ ಅಂಟಿನಲ್ಲಿ ಕಲಸಿ ಬಳ್ಳಿ ಬರೆದೆ. ಗಿಳಿ ಬರೆಯಲು ಹೋದೆ, ಕೋಳಿಯಾಯಿತು. ಅಕ್ಕ ನಕ್ಕಳು. ನಕ್ಕದ್ದಕ್ಕೆ ಕೆಮ್ಮು.

ಲಡಾಯಿ ನಡೆದಿರುವುದರಿಂದ ಬಣ್ಣದ ಕಾಗದ ಸಿಗುವುದಿಲ್ಲ. ಕಳಕಪ್ಪ ಕಾಕಾನನ್ನು ಕೇಳಿದೆ. ಸತ್ತವರನ್ನು ಕೂರಿಸಿ ಒಯ್ಯುವ ಇಮಾನ ಕಟ್ಟುವುದು ಅವನ ಕೆಲಸ. ಉಳಿದ ತುಂಡು ಕೊಟ್ಟ, ಹೂವು ಮಾಡುವುದನ್ನೂ ಕಲಿಸಿದ. ಅಂಚಿಗೆ ಹಲ್ಲು ಕತ್ತರಿಸಿ, ಜೋಳದ ದಂಟಿಗೆ ಸುತ್ತಿ, ಒತ್ತಿ ಎಳೆಯಬೇಕು. ನೆರಿಗೆ ಬೀಳುತ್ತದೆ.

"ಯಾರಿಗೋ ಇವು?"

"ಅಕ್ಕಗ."

ಕತ್ತರಿ ನಿಲ್ಲಿಸಿದ. "ಜೀವ ಹೋತೇನು?"

"ಇಲ್ಲ ಕಾಕಾ, ಗುಲದಾನಿಗೆ."

"ಹಂಗ ಹೇಳಲೇ. ಎದಿ ಒಡಿಸಿದಿ."

೧೩ ಮಾರ್ಚ್, ಸೋಮವಾರ, ಸಂಜೆ

ಬಂದರು. ಅಕ್ಕ ಇಳಕಲ್ ಸೀರೆಯುಟ್ಟು ಗೋಡೆಗೆ ಆತು ಕೂತಿದ್ದಳು. ಕೆಮ್ಮು ನುಂಗಿ ನುಂಗಿ ಕಣ್ಣು ಕೆಂಪು. ಮಾವ ಭರಣಿ ನೋಡಿ, "ಭಾಳ ಛಲೋ ಐತಲ್ಲ" ಅಂದರು. ಅಕ್ಕನ ಮುಖ ಆಗ ನೋಡಬೇಕಿತ್ತು.

ಮುದುಕಮ್ಮ ಒಂದು ಹೂವು ಕಿತ್ತು ನೆರಿಗೆ ಬಿಡಿಸಿದರು. "ಇದು ಇಮಾನದ ಹೂವಲ್ಲೇನ? ನಮ್ಮ ಮನಿಯವರಿಗೆ ಇವನ್ನ ಕಟ್ಟಿದ್ರು."

"ಇಲ್ರಿ ಬೀಗತ್ಯಾರ, ಗಂಗಾವತಿಯಿಂದ ತರಿಸೀವಿ," ಅಂದಳು ಅವ್ವ.

ಮುದುಕಮ್ಮ ನನ್ನ ಕಡೆ ತಿರುಗಿದರು. "ಹೌದೇನಪಾ?"

ಹೌದು ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. "ನಾನ ಮಾಡೀನ್ರಿ. ಕಳಕಪ್ಪ ಕಾಕಾ ಕಲಿಸ್ಯಾನ."

"ಜೀವ ಇರೂಮುಂದನ ಇಮಾನದ ಹೂವು ಇಟ್ಟು ಕುಂದ್ರಿಸೀರಿ. ಇನ್ನ ನಾವೇನು ಕರಕೊಂಡು ಹೋಗೂದು? ಏಳೋ ಈಶಪ್ಪಾ."

ಚಹಾ ಮುಟ್ಟಲಿಲ್ಲ. ಮಾವ ಚಪ್ಪಲಿ ಮೆಟ್ಟುವಾಗ ಒಮ್ಮೆ ತಿರುಗಿದರು. ಅಷ್ಟೇ.

೧೪ ಮಾರ್ಚ್

ಅವ್ವ ಮಾತಾಡುತ್ತಿಲ್ಲ. ಸುಳ್ಳು ಹೇಳಿದ್ದರೂ ಅವರು ಕರೆದೊಯ್ಯುತ್ತಿರಲಿಲ್ಲ — ಹೀಗೆ ಬರೆದುಕೊಂಡರೆ ಸಮಾಧಾನ. ಆದರೆ ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಲಾರೆ.

೨ ಏಪ್ರಿಲ್, ರವಿವಾರ

ಅಕ್ಕ ಗಂಜಿಯನ್ನೂ ಬಿಟ್ಟಿದ್ದಾಳೆ. ಭರಣಿ ಒಡೆಯಲು ಎತ್ತಿದೆ. ತಡೆದಳು.

"ಇರಲಿ ಬಿಡೋ. ಹೂವು ಕಮ್ಮಿ ಅದಾವು. ಇಮಾನಕ್ಕ ಸಾಲೂದಿಲ್ಲ."

"ಹುಚ್ಚರಂಗ ಮಾತಾಡಬ್ಯಾಡ."

"ನೀ ಸುಳ್ಳು ಹೇಳಾಂವ ಅಲ್ಲ. ಹೇಳು, ನಾ ಉಳೀತೀನೇನು?"

ಎದ್ದು ಹೋಗಿ ಕಳಕಪ್ಪ ಕಾಕಾನಿಂದ ಇನ್ನಷ್ಟು ಬಣ್ಣದ ಕಾಗದ ತಂದೆ.

೫ ಏಪ್ರಿಲ್, ಬುಧವಾರ, ಬೆಳಗ್ಗೆ

ಅಕ್ಕ ಒರಗಿಕೊಂಡು ಬಣ್ಣ ಆರಿಸುತ್ತಿದ್ದಾಳೆ. ಹಳದಿ ಬೇಡವಂತೆ. ಅವಳ ಮೈಬಣ್ಣಕ್ಕೆ ಒಪ್ಪುವುದಿಲ್ಲವಂತೆ. ನಾನು ಹಲ್ಲು ಕತ್ತರಿಸುವುದು, ಅವಳು ದಂಟಿಗೆ ಸುತ್ತುವುದು. ಒತ್ತಿ ಎಳೆಯಲು ಬೆರಳಿನಲ್ಲಿ ಬಲವಿಲ್ಲ. ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ಒತ್ತುತ್ತೇನೆ. ಕೆಂಪು ಇನ್ನೊಂದು ಬೇಕಂತೆ, ಕರೆಯುತ್ತಿದ್ದಾಳೆ. ಆಮೇಲೆ ಬರೆಯುತ್ತೇನೆ.