ಮಾಮನ ಬನ್ನು

ಪ್ರಿಯ ಭಾವಮೈದನಿಗೆ,

ಒಂದು ಘೋರ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ಮಗಳಿಗೆಂದು ನೀನು ಕಳಿಸಿದ ಅಕ್ಕಿಹಿಟ್ಟಿನ ಬನ್ನುಗಳಲ್ಲಿ ಮೂರನ್ನು ನಾನೇ ಕದ್ದು ತಿಂದೆ. ಹಸಿವಿನಿಂದಲ್ಲ, ತನಿಖೆಗಾಗಿ. ಅವು ಚೆನ್ನಾಗಿದ್ದವು, ಅದೇ ನನ್ನ ದೂರು.

ಅವಳಿಗಿರುವುದು ಸೀಲಿಯಾಕ್, ಗೋಧಿಯ ಚೂರು ಸೋಕಿದರೂ ಕರುಳು ಕೆಡುತ್ತದೆ ಎಂದು ಡಾಕ್ಟರು ಹೇಳಿದಂದಿನಿಂದ ನಾನೂ ಹಿಟ್ಟು ಕಲಸುತ್ತಿದ್ದೇನೆ. ಹೊಗಳಿಕೆಯೆಲ್ಲ ಮಾತ್ರ ನಿನಗೆ. "ಮಾಮ ಬೇಕರಿಯಿಂದ ಬಂದ್ರೆ ಸ್ನಾನ ಮಾಡಿ, ಅಂಗಿ ಬದಲಾಯಿಸೇ ನನ್ನ ಎತ್ಕೊಳ್ಳೋದು. ನೀನ್ಯಾಕಪ್ಪಾ ಹಾಗೆ ಮಾಡಲ್ಲ?" ಎನ್ನುತ್ತಾಳೆ. ಗುಮಾಸ್ತನ ಮೈಮೇಲೆ ಫೈಲಿನ ಧೂಳು ಬಿಟ್ಟರೆ ಇನ್ನೇನಿರುತ್ತದೆ, ಹೇಳು! ಅವಳದು ಹೊಟ್ಟೆನೋವು, ನನ್ನದು ಹೊಟ್ಟೆಕಿಚ್ಚು. ಎರಡಕ್ಕೂ ಔಷಧವಿಲ್ಲ, ಪಥ್ಯವೊಂದೇ.

ಆ ಪಥ್ಯ ನನ್ನಿಂದಾಗಲಿಲ್ಲ. ಕಳೆದ ವಾರ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದಾಗ, "ನನ್ನ ಅಡುಗೆಮನೇಲಿ ಗೋಧಿ ವಾಸನೇನೂ ಇಲ್ಲ. ಎಲ್ಲಾ ನಿನ್ನ ತಮ್ಮನ ಬನ್ನಿನ ಮಹಿಮೆ!" ಎಂದು ನಿನ್ನ ಅಕ್ಕನ ಮುಂದೆ ಎದೆ ತಟ್ಟಿಕೊಂಡೆ. ಅವಳು ನಂಬಿ ನಿನ್ನ ಬನ್ನು ನಿಲ್ಲಿಸಿಬಿಟ್ಟಳು. ಮಗಳೀಗ ನಾನು ಮಾಡಿದ ಬ್ರೆಡ್ಡನ್ನು ಮೂಸಿ, "ಹಸಿವಿಲ್ಲಪ್ಪಾ" ಎಂದು ಎದ್ದುಹೋಗುತ್ತಾಳೆ.

ದಯವಿಟ್ಟು ಭಾನುವಾರ ಬನ್ನು ತೆಗೆದುಕೊಂಡು ಬಾ. ನಿನ್ನ ಅಕ್ಕನಿಗೆ ನಾನೇ ಹೇಳುತ್ತೇನೆ. ಮಗಳು ಹೊಟ್ಟೆನೋವಿಂದ ಮಲಗಿದ ಆ ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಗೋಧಿ ಬಿಸ್ಕತ್ತು ತಿಂದು, ಅದೇ ಕೈಯಲ್ಲಿ ಮಗಳ ಹಿಟ್ಟು ಕಲಸಿದವನು ನಾನು. ನಲ್ಲಿ ಪಕ್ಕದಲ್ಲೇ ಇತ್ತು, ಕೈ ತೊಳೆದಿರಲಿಲ್ಲ.

ಇಂತಿ,
ನಿನ್ನ ಭಾವ