ರಾಜ ಹಾರಿದ ಆಟ

ನಾಗಾವಿ, ಹಾಸ್ಟೆಲ್
7 ಡಿಸೆಂಬರ್ 2025

ಪ್ರೀತಿಯ ಅಜ್ಜಾ,

ಫೋನ್ ಇಟ್ಟುಕೊಂಡೂ ಕಾಗದ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ‘ಹೂಂ’ ಅಂದು ಅವ್ವನ ಕೈಗೆ ಕೊಟ್ಟುಬಿಡುತ್ತೀ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲೇ ಆಯಿತಲ್ಲ, ನನ್ನ ಕನ್ನಡದಲ್ಲಿ ಮಿಸ್ಟೇಕ್ ಇದ್ದರೆ ತಿದ್ದಿಕೊಂಡು ಓದು.

ಅಜ್ಜಾ, ನಿನ್ನೆ ನಾನು ಕ್ಯಾಂಟೀನಿನಲ್ಲಿ ನಂದೀಶನ ಜೊತೆ ಚೆಸ್ ಆಡಿದೆ! ಅವನು ಫೈನಲ್ ಇಯರ್ ಸೀನಿಯರ್, ಸ್ಟೇಟ್ ಲೆವೆಲ್ ಆಡಿ ಬಂದವನು. ಅವನೆದುರು ಹತ್ತು ನಿಮಿಷ ಉಳಿದರೆ ದೊಡ್ಡದು. ನಾನು ಅರ್ಧ ತಾಸು ಉಳಿದೆ! ಕೊನೆಗೆ ನನ್ನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಯೋಚಿಸದೆ ಅವನನ್ನೆತ್ತಿ, ನಮ್ಮ ಮನೆಯಲ್ಲಿ ಆಡುವ ಹಾಗೆ, ಕುದುರೆಯಂತೆ ಹಾರಿಸಿಬಿಟ್ಟೆ.

“ಏ ನೋಡ್ರಲೇ, ಶೀತಲ್‌ನ ರಾಜಾ ಕುದುರಿ ಆಗ್ಯಾನ!” ಅಂತ ನನ್ನ ಕ್ಲಾಸಿನ ವೀರು ಕೂಗಿದ. ಎಲ್ಲರೂ ನಕ್ಕರು. ಆ ಆಟ ಸೋತೆ. ಎದ್ದು ಓಡಬೇಕೆನಿಸಿತು.

ನಂದೀಶ ಮಾತ್ರ ನಗಲಿಲ್ಲ. “ಕುಂಡ್ರು. ಇದನ್ನ ಯಾರ್ ಕಲಿಸ್ಯಾರ?”

“ನಮ್ಮೂರ ಶಿಗ್ಲ್ಯಾಗ ನಮ್ಮಜ್ಜ. ಚೆಕ್ ಬೀಳೂಕಿಂತ ಮೊದಲ ರಾಜ ಒಂದ ಸಲ ಕುದುರಿ ಹಂಗ ಹಾರಬಹುದು. ಪ್ಯಾದಿ ಯಾವಾಗಲೂ ಒಂದ ಮನಿ.”

“ಹಂಗಾರ ನಿಮ್ಮಜ್ಜನ ಆಟಾನ ಆಡೂಣು.”

ಈ ಸಲ ಒಂದು ಆನೆ, ಒಂದು ಒಂಟೆ ಕಳಕೊಂಡೆ. ಇನ್ನೊಂದೇ ನಡೆಗೆ ಮುಗಿಯಿತು ಅಂತ ನಂದೀಶ ಚಹಾದ ಕಪ್ಪಿಗೆ ಕೈ ಚಾಚಿದ. ಆದರೆ ನನ್ನ ರಾಜ ಇನ್ನೂ ಹಾರಿರಲಿಲ್ಲ ಅಜ್ಜಾ! “ಹಾರೂದನ್ನ ಕಡೀತನಕ ಕಿಸೇದಾಗ ಇಟ್ಕೋ” ಅನ್ನುತ್ತಿದ್ದೆಯಲ್ಲ? ರಾಜ ಪಕ್ಕಕ್ಕೆ ಹಾರಿದ. ಹಿಂದೆ ನಿಂತಿದ್ದ ನನ್ನ ಇನ್ನೊಂದು ಆನೆಗೆ ದಾರಿ ತೆರೆಯಿತು. ನಂದೀಶನ ರಾಜನಿಗೆ ಚೆಕ್, ಹೋಗಲು ಒಂದು ಮನೆಯೂ ಇಲ್ಲ! ಅವನ ಚಹಾ ಆರಿಯೇ ಹೋಯಿತು. “ನಿಮ್ಮಜ್ಜನ್ನ ಒಮ್ಮೆ ಕರ್ಕೊಂಡ್ ಬಾ ತಂಗಿ, ನಾನೂ ಕಲೀತೀನಿ” ಅಂದ.

ಊಟ ಸರಿಯಾಗಿ ಮಾಡುತ್ತಿದ್ದೇನೆ ಅಂತ ಅವ್ವನಿಗೆ ಹೇಳು. ಇನ್ನು ಹದಿನೈದು ದಿನಕ್ಕೆ ನನ್ನ ಪರೀಕ್ಷೆ, ಭಯ ಆಗುತ್ತಿದೆ, ನಿನ್ನ ಆಶೀರ್ವಾದ ಕಳಿಸು.

ನಿನ್ನ ಮೊಮ್ಮಗಳು,
ಶೀತಲ್

ತಾ.ಕ.: ದೀಪಾವಳಿ ರಜೆಯಲ್ಲಿ ಕಟ್ಟೆಯ ಮೇಲೆ ನಿನ್ನ ಗೆಳೆಯರೆಲ್ಲ ಕೂತಿದ್ದಾಗ ನೀನು ರಾಜನನ್ನು ಹಾರಿಸಿದೆ. “ಇದು ಚೀಟಿಂಗ್, ಅಜ್ಜಗ ರೂಲ್ಸೇ ಗೊತ್ತಿಲ್ಲ” ಅಂದು, ಇಲ್ಲಿ ಹೊಸ ರೂಲ್ಸ್ ಕಲಿತ ಜಂಬದಲ್ಲಿ ನಾನು ನಕ್ಕೆ. ನೀನು ಚದುರಂಗದ ಹಾಸು ಮಡಚಿದೆ. ಅವತ್ತಿನಿಂದ ಅದನ್ನು ಬಿಚ್ಚೇ ಇಲ್ಲವಂತೆ, ಅವ್ವ ಹೇಳಿದಳು. ನಿನ್ನೆ ಎಲ್ಲರೂ ನಕ್ಕಾಗ ನನಗೆ ನಿನ್ನ ಮುಖ ಕಂಡಿತು. ತಪ್ಪಾಯಿತು ಅಜ್ಜಾ. ಹಾಸು ಬಿಚ್ಚು. ರಾಜನ ಮುಂದಿನ ಪ್ಯಾದೆ ನಡೆಸಿದ್ದೇನೆ, ಒಂದೇ ಮನೆ. ನಿನ್ನ ನಡೆ ಬರೆದು ಬೇಗ ಕಾಗದ ಹಾಕು.